ಪ್ರವಾಸಿಗರು ಹೋಗದ ಎತ್ತರದ ನಾಡಿಗೆ ಹೋಗಿಬರುವುದು ಹೇಗೆ?

ಎತ್ತರದ ನಾಡಿಗೆ ಹೊರಡಬೇಕು ಅನ್ನಿಸಿದ ಕೂಡಲೇ ಹೆಚ್ಚಿನವರು ಮೊದಲು ಶೂ ನೋಡುತ್ತಾರೆ. ಆಮೇಲೆ ಜಾಕೆಟ್, ಆಮೇಲೆ ಬ್ಯಾಗು. ನಾನು ಹೇಳುವುದು ಬೇರೆ. ಮೊದಲು ಕ್ಯಾಲೆಂಡರ್ ತೆಗೆಯಿರಿ. ಒಟ್ಟು ಎಷ್ಟು ದಿನ ರಜೆ ಇದೆ ಅಂತ ಎಣಿಸಿ. ಅದರಲ್ಲಿ ಮೂರನೇ ಒಂದು ಭಾಗ ಖಾಲಿ ಬಿಡಿ. ಆ ದಿನಗಳ ಎದುರು ಯಾವ ಊರನ್ನೂ ಬರೆಯಬೇಡಿ, ಯಾವ ಸರೋವರವನ್ನೂ ಬರೆಯಬೇಡಿ.

ಅಲ್ಲಿ ಎದುರಾಗುವ ಬಹುಪಾಲು ಕಷ್ಟಗಳಿಗೆ ಮದ್ದು ಒಂದೇ, ಒಂದು ದಿನ ನಿಂತುಬಿಡುವುದು. ತಲೆನೋವು ಬಂದರೆ ನಿಲ್ಲಬೇಕು. ಹೊಳೆ ಏರಿದರೆ ನಿಲ್ಲಬೇಕು. ಮೇಲೆ ಹಿಮ ಬಿದ್ದು ದಾರಿ ಮುಚ್ಚಿದರೆ ನಿಲ್ಲಬೇಕು. ಜೀಪಿನ ಸ್ಪ್ರಿಂಗ್ ಪ್ಲೇಟ್ ಮುರಿದರೆ ದೂರದ ಊರಿಂದ ಬೇರೆಯದು ಬರುವ ತನಕ ನಿಲ್ಲಬೇಕು. ಕೈಯಲ್ಲಿ ದಿನ ಇದ್ದವರು ನಿಲ್ಲುತ್ತಾರೆ. ಇಲ್ಲದವರು ವಿಮಾನ ತಪ್ಪುತ್ತೆ ಅಂತ ಮುಂದೆ ಹೋಗುತ್ತಾರೆ. ಅನಾಹುತ ಆಗುವುದು ಆಗಲೇ.

ಇದು ಹೆಸರಾದ ಗಿರಿಧಾಮಗಳ ಮಾತಲ್ಲ. ಮಧ್ಯ ಏಷ್ಯಾದ ಪಾಮೀರ್, ಲಡಾಖ್ ಮತ್ತು ಟಿಬೆಟ್‌ನ ಚಾಂಗ್‌ಥಾಂಗ್, ದಕ್ಷಿಣ ಅಮೆರಿಕದಲ್ಲಿ ಆಂಡೀಸ್ ಸಾಲುಗಳ ನಡುವಿನ ಆಲ್ಟಿಪ್ಲಾನೋ, ಇಥಿಯೋಪಿಯಾದ ಸಿಮಿಯೆನ್ ಬೆಟ್ಟಗಳು, ದಕ್ಷಿಣ ಆಫ್ರಿಕಾದ ನಡುವಿನ ಪುಟ್ಟ ದೇಶ ಲೆಸೋಥೊದ ಒಳನಾಡು, ಇಂಥ ಕಡೆಗಳ ಮಾತು. ಅದರಲ್ಲೂ ಅಲ್ಲಿನ ಮುಖ್ಯ ರಸ್ತೆ ಬಿಟ್ಟು ಒಳಗೆ ಹೋಗುವವರಿಗೆ. ಅಲ್ಲಿ ಗಾಡಿ ಬಂದರೆ ಬಂತು. ಆಸ್ಪತ್ರೆ ಒಂದು ದಿನದ ದಾರಿ. ಫೋನಿಗೆ ಸಿಗ್ನಲ್ ಸಿಗುವುದು ಬೆಟ್ಟದ ಯಾವುದೋ ಒಂದು ತಿರುವಿನಲ್ಲಿ ಮಾತ್ರ.

ಕಾಲ ನೋಡಿ ಜಾಗ ಆರಿಸಿ

ಬೇಸಿಗೆಯಲ್ಲಿ ಹೋದರಾಯ್ತು ಅನ್ನುವ ಹಾಗಿಲ್ಲ. ಒಂದೊಂದು ಕಡೆ ಒಂದೊಂದು ಲೆಕ್ಕ. ಪಾಮೀರ್, ಲಡಾಖ್ ಕಡೆಯ ಎತ್ತರದ ಪಾಸ್‌ಗಳಿಗೆ, ಅಂದರೆ ಬೆಟ್ಟಸಾಲು ದಾಟುವ ದಾರಿಗಳಿಗೆ, ಜುಲೈಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಅದೇ ಜುಲೈ, ಆಗಸ್ಟ್‌ನಲ್ಲಿ ಇಥಿಯೋಪಿಯಾದ ಬೆಟ್ಟಗಳಲ್ಲಿ ಜಡಿಮಳೆ. ಅಲ್ಲಿಗೆ ಅಕ್ಟೋಬರ್ ಬಂದ ಮೇಲೆ ಹೋಗಬೇಕು. ಆಲ್ಟಿಪ್ಲಾನೋದಲ್ಲಿ ಮೇಯಿಂದ ಅಕ್ಟೋಬರ್ ತನಕ ಒಣ ಹವೆ. ದಾರಿ ಚೆನ್ನಾಗಿರುತ್ತೆ, ಆದರೆ ಜೂನ್, ಜುಲೈ ರಾತ್ರಿಗಳಲ್ಲಿ ಚಳಿ ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತೆ. ಲೆಸೋಥೊದಲ್ಲಿ ಆ ತಿಂಗಳುಗಳೇ ಚಳಿಗಾಲ, ಎತ್ತರದಲ್ಲಿ ಹಿಮ ಬೀಳುವ ಕಾಲ.

ತಾಪಮಾನಕ್ಕೆ ಒಂದು ಅಂದಾಜು ಇಟ್ಟುಕೊಳ್ಳಿ. 1000 ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಕಡಿಮೆ. ಕೆಳಗೆ ಅಂಗಿಯಲ್ಲಿ ಬೆವರುತ್ತಿದ್ದವರು 4000 ಮೀಟರ್‌ನಲ್ಲಿ ಮೋಡ ಕವಿದ ಮಧ್ಯಾಹ್ನ ನಡುಗುವುದು ಇದಕ್ಕೇ.

ಇನ್ನೊಂದು ಗುರುತು ನನಗೆ ಹವಾಮಾನದ ಪಟ್ಟಿಗಿಂತ ಜಾಸ್ತಿ ನಂಬಿಕೆಯದು. ಅಲ್ಲಿನ ಕುರಿಗಾಹಿಗಳು ಮೇಲಿನ ಹುಲ್ಲುಗಾವಲಿಗೆ ಯಾವಾಗ ಹೋಗುತ್ತಾರೆ, ಯಾವಾಗ ಇಳಿಯುತ್ತಾರೆ ಅಂತ ತಿಳಿದುಕೊಳ್ಳಿ. ಅವರು ಮೇಲಿದ್ದಾರೆ ಅಂದರೆ ದಾರಿ ತೆರೆದಿದೆ, ನೀರಿದೆ, ಕಷ್ಟ ಅಂದರೆ ಕೂಗಿದಾಗ ಓಗೊಡುವವರಿದ್ದಾರೆ. ಅವರು ಇಳಿದ ಮೇಲೆ ನೀವು ಏರುವುದು ಬೇಡ.

ಮಲಗುವ ಎತ್ತರವನ್ನು ಕಾಗದದ ಮೇಲೆ ಬರೆಯಿರಿ

ಇಡೀ ತಯಾರಿಯಲ್ಲಿ ನಾನು ಹೆಚ್ಚು ಹೊತ್ತು ಕೊಡುವ ಕೆಲಸ ಇದು. ಒಂದು ಹಾಳೆಯಲ್ಲಿ ಮೂರು ಕಾಲಂ ಗೀಚಿ: ದಿನ, ಮಲಗುವ ಜಾಗ, ಅದರ ಎತ್ತರ. ಹಗಲಲ್ಲಿ ಎಷ್ಟು ಎತ್ತರಕ್ಕೆ ಹೋಗಿ ಬಂದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ.

ಎತ್ತರದಲ್ಲಿ ಗಾಳಿಯಲ್ಲಿರುವ ಆಮ್ಲಜನಕದ ಪಾಲು ಕಮ್ಮಿ ಆಗುವುದಿಲ್ಲ, ಅಲ್ಲೂ ಸುಮಾರು 21 ಶೇಕಡಾನೇ. ಕಮ್ಮಿ ಆಗುವುದು ಗಾಳಿಯ ಒತ್ತಡ. 3500 ಮೀಟರ್‌ನಲ್ಲಿ ಅದು ಸಮುದ್ರ ಮಟ್ಟದ ಮೂರನೇ ಎರಡು ಭಾಗದಷ್ಟು. 5500 ಮೀಟರ್‌ನಲ್ಲಿ ಅರ್ಧ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಮ್ಮಿ. ಇದಕ್ಕೆ ದೇಹ ಹೊಂದಿಕೊಳ್ಳುತ್ತೆ, ಆದರೆ ಅದಕ್ಕೆ ದಿನಗಳು ಬೇಕು. ದಿನಾ ಓಡುವವರು, ಜಿಮ್‌ಗೆ ಹೋಗುವವರು ಬೇಗ ಹೊಂದಿಕೊಳ್ಳುತ್ತಾರೆ ಅಂತೇನಿಲ್ಲ. ಗಟ್ಟಿಮುಟ್ಟಾದವರು ಬೇಗ ಬೇಗ ಏರಿ ಮೊದಲು ಕಾಯಿಲೆ ಬೀಳುವುದನ್ನು ನೋಡಿದ್ದೇನೆ.

ವೈದ್ಯರು ಹೇಳುವ ಸೂತ್ರ ಹೀಗಿದೆ. 3000 ಮೀಟರ್ ದಾಟಿದ ಮೇಲೆ, ಮಲಗುವ ಎತ್ತರವನ್ನು ಒಂದು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಹಗಲು ಇನ್ನೂ ಮೇಲೆ ಅಡ್ಡಾಡಿ ರಾತ್ರಿ ಕೆಳಗೆ ಬಂದು ಮಲಗಿದರೆ ಇನ್ನೂ ಒಳ್ಳೆಯದು.

ಈ ಸೂತ್ರವನ್ನು ನಿಮ್ಮ ಹಾಳೆಗೆ ಹಾಕಿ ನೋಡಿ. ಎಷ್ಟೋ ಪ್ರವಾಸದ ಯೋಜನೆಗಳು ಅಲ್ಲೇ ಮುರಿದುಬೀಳುತ್ತವೆ. ಪಾಮೀರ್ ಹೆದ್ದಾರಿಯನ್ನೇ ತೆಗೆದುಕೊಳ್ಳಿ. ಕಿರ್ಗಿಸ್ತಾನದ ಓಷ್ ನಗರ ಸುಮಾರು 1000 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಹೊರಟ ಜೀಪು ಸಾರಿತಾಶ್ ಅನ್ನುವ ಹಳ್ಳಿಯಲ್ಲಿ 3100 ಮೀಟರ್ ದಾಟುತ್ತೆ. ಆಮೇಲೆ 4280 ಮೀಟರ್‌ನ ಕಿಝಿಲ್ ಆರ್ಟ್ ಪಾಸ್. ಅದನ್ನು ಇಳಿದರೆ ಕಾರಾಕುಲ್ ಸರೋವರ, ಸುಮಾರು 3900 ಮೀಟರ್. ಹಟ ಹಿಡಿದರೆ ಇಷ್ಟೂ ದಾರಿಯನ್ನು ಒಂದೇ ದಿನದಲ್ಲಿ ಮುಗಿಸಬಹುದು. ಮುಗಿಸಿದವರಿಗೆ ಆ ರಾತ್ರಿ ನಿದ್ದೆ ಇಲ್ಲ. ಸಾರಿತಾಶ್‌ನಲ್ಲಿ ಎರಡು ರಾತ್ರಿ ಕಳೆದು ಹೋದವರು ಅದೇ ಸರೋವರದ ದಡದಲ್ಲಿ ನೆಮ್ಮದಿಯಾಗಿ ಕೂತಿರುತ್ತಾರೆ.

ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲೂ ಇದೇ ಕಥೆ. ಮನಾಲಿ ಸುಮಾರು 2050 ಮೀಟರ್. ಮೊದಲ ರಾತ್ರಿಯೇ ಸರ್ಚು ಡೇರೆಗಳಲ್ಲಿ ಮಲಗಿದರೆ 4200 ಮೀಟರ್‌ಗಿಂತ ಮೇಲೆ ಮಲಗಿದ ಹಾಗೆ. ಶ್ರೀನಗರ, ಕಾರ್ಗಿಲ್ ಮೇಲೆ ಹೋದರೆ ಏರು ನಿಧಾನ. ದೆಹಲಿಯಿಂದ ನೇರ ವಿಮಾನದಲ್ಲಿ ಲೇಹ್‌ಗೆ ಇಳಿದರೆ ಒಂದೂವರೆ ಗಂಟೆಯಲ್ಲಿ 3500 ಮೀಟರ್. ಹಾಗೆ ಇಳಿದವರು ಎರಡು ದಿನ ಸುಮ್ನೆ ಇರಬೇಕು. ಸುಮ್ನೆ ಅಂದರೆ ಊರು ಸುತ್ತುವುದೂ ಅಲ್ಲ. ಬೊಲಿವಿಯಾದ ಎಲ್ ಆಲ್ಟೋ ವಿಮಾನ ನಿಲ್ದಾಣ ಇನ್ನೂ ಎತ್ತರ, 4000 ಮೀಟರ್‌ಗಿಂತ ಮೇಲೆ. ಅಲ್ಲಿ ಇಳಿದ ದಿನವೇ ಲಾ ಪಾಸ್ ನಗರದ ಕೆಳಭಾಗಕ್ಕೆ ಹೋಗಿ ಮಲಗುವುದು ಜಾಣತನ.

ಎಲ್ಲಾ ಎತ್ತರದ ನಾಡಿಗೂ ಇದು ಇಷ್ಟೇ ಬಿಗಿಯಾಗಿ ಬೇಕಿಲ್ಲ. ಲೆಸೋಥೊ ಇಡೀ ದೇಶವೇ 1000 ಮೀಟರ್‌ಗಿಂತ ಮೇಲಿದೆ, ಆದರೂ ಅಲ್ಲಿನ ಊರುಗಳಲ್ಲಿ ಕಾಡುವುದು ಉಸಿರಿಗಿಂತ ಚಳಿ ಮತ್ತು ದೂರ.

ಪರ್ಮಿಟ್, ಹಣ, ವಿಮೆ

ಗಡಿಗೆ ಹತ್ತಿರ ಇರುವ ಎತ್ತರದ ಪ್ರದೇಶಗಳಿಗೆ ವೀಸಾ ಒಂದೇ ಸಾಲದು. ತಜಿಕಿಸ್ತಾನದ ಪಾಮೀರ್ ಭಾಗವಾದ ಗೋರ್ನೋ ಬದಖ್ಶಾನ್‌ಗೆ ಬೇರೆ ಪರ್ಮಿಟ್ ಬೇಕು. ಟಿಬೆಟ್‌ಗೆ ಹೋಗುವ ವಿದೇಶಿಯರಿಗೂ ಬೇರೆ ಪರ್ಮಿಟ್ ಬೇಕು. ನಿಯಮ ವರ್ಷ ವರ್ಷ ಬದಲಾಗುತ್ತೆ, ಹಾಗಾಗಿ ಹೊರಡುವ ತಿಂಗಳಲ್ಲೇ ಸರ್ಕಾರದ ಕಡೆಯಿಂದ ಕೇಳಿ ಖಚಿತ ಮಾಡಿಕೊಳ್ಳಿ. ಪಾಸ್‌ಪೋರ್ಟ್ ಮತ್ತು ಪರ್ಮಿಟ್ ಎರಡನ್ನೂ ಏಳೆಂಟು ಜೆರಾಕ್ಸ್ ಮಾಡಿಸಿಕೊಳ್ಳಿ. ಒಂದೊಂದು ಚೆಕ್‌ಪೋಸ್ಟಿನಲ್ಲಿ ಒಂದೊಂದು ಕೊಟ್ಟರೆ ಕೆಲಸ ಬೇಗ ಆಗುತ್ತೆ.

ನಗದು ಬೇಕೇ ಬೇಕು. ಅದೂ ಸಣ್ಣ ನೋಟುಗಳಲ್ಲಿ. ದೊಡ್ಡ ನೋಟಿಗೆ ಚಿಲ್ಲರೆ ಕೊಡುವವರು ಅಲ್ಲಿ ಸಿಗುವುದಿಲ್ಲ.

ವಿಮೆಯ ಕಾಗದದಲ್ಲಿ ಎತ್ತರದ ಮಿತಿ ಎಷ್ಟು ಅಂತ ಹುಡುಕಿ. ಎಷ್ಟೋ ಪಾಲಿಸಿಗಳು ಒಂದು ಎತ್ತರದ ತನಕ ಮಾತ್ರ ಹಣ ಕೊಡುತ್ತವೆ. ನೀವು ಬರೆದ ಹಾಳೆಯಲ್ಲಿರುವ ಅತಿ ಎತ್ತರದ ಜಾಗ ಆ ಮಿತಿಯೊಳಗೆ ಬರಬೇಕು. ಹೆಲಿಕಾಪ್ಟರ್‌ನಲ್ಲಿ ಕರೆತರುವ ಖರ್ಚು ಸೇರಿದೆಯಾ ಅಂತಲೂ ನೋಡಿ.

ವೈದ್ಯರ ಹತ್ತಿರ ಒಂದು ಸಲ

ಹೃದಯ, ಶ್ವಾಸಕೋಶ, ಬಿಪಿ ತೊಂದರೆ ಇರುವವರು, ಬಸುರಿಯರು ಕೇಳದೆ ಹೊರಡಲೇಬಾರದು. ಉಳಿದವರೂ ಒಂದು ಸಲ ಹೋಗಿ ಬನ್ನಿ. ಎತ್ತರಕ್ಕೆ ಹೊಂದಿಕೊಳ್ಳಲು ನೆರವಾಗುವ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಕೇಳಿ. ಡಯಾಮಾಕ್ಸ್ ಅನ್ನುವ ಹೆಸರಲ್ಲಿ ಸಿಗುತ್ತೆ. ಏರುವ ಹಿಂದಿನ ದಿನದಿಂದ ಶುರು ಮಾಡುತ್ತಾರೆ. ಬೆರಳ ತುದಿ ಜುಮ್ಮೆನ್ನುವುದು, ಪದೇಪದೇ ಮೂತ್ರಕ್ಕೆ ಹೋಗಬೇಕಾಗುವುದು ಸಾಮಾನ್ಯ. ಸಲ್ಫಾ ಔಷಧಿಗೆ ಅಲರ್ಜಿ ಇದ್ದರೆ ಮೊದಲೇ ಹೇಳಿಬಿಡಿ. ಈ ಮಾತ್ರೆ ತೆಗೆದುಕೊಂಡೆ ಅಂತ ಬೇಗ ಏರಿದರೆ ಅದು ಕಾಯುವುದಿಲ್ಲ.

ಹುಚ್ಚುನಾಯಿ ರೋಗಕ್ಕೆ ಮುಂಚಿತವಾಗಿ ಹಾಕಿಸುವ ಲಸಿಕೆಯ ಬಗ್ಗೆಯೂ ಕೇಳಿ. ಯಾಕೆ ಅನ್ನುವುದು ಮುಂದೆ ನಾಯಿಯ ಮಾತು ಬಂದಾಗ ಗೊತ್ತಾಗುತ್ತೆ.

ಸಾಮಾನು ಕಟ್ಟುವಾಗ

ಬಟ್ಟೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ದಪ್ಪ ಕೋಟಿಗಿಂತ ನಾಲ್ಕು ತೆಳು ಪದರ ಒಳ್ಳೆಯದು, ಒಳಗಿನ ಪದರ ಹತ್ತಿಯದ್ದಾಗಿರಬಾರದು. ಹತ್ತಿ ಬೆವರು ಹೀರಿಕೊಂಡು ಒದ್ದೆಯಾಗೇ ಇರುತ್ತೆ, ಮೈ ತಣ್ಣಗಾಗುತ್ತೆ. ಮಲಗುವುದಕ್ಕೆ ಅಂತಲೇ ಒಂದು ಜೊತೆ ಒಣ ಸಾಕ್ಸ್ ಬೇರೆ ಇಡಿ, ಏನೇ ಆದರೂ ಅದನ್ನು ಹಗಲು ಹಾಕಬೇಡಿ.

ಕಣ್ಣಿನ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರತಿ 1000 ಮೀಟರ್‌ಗೆ ನೇರಳಾತೀತ ಕಿರಣ ಸುಮಾರು 10 ಶೇಕಡಾ ಹೆಚ್ಚುತ್ತೆ. ಹೊಸ ಹಿಮ ಅದರ ಬಹುಪಾಲನ್ನು ಮತ್ತೆ ಮುಖಕ್ಕೇ ಎರಚುತ್ತೆ. ಕನ್ನಡಕ ಇಲ್ಲದೆ ಒಂದು ಹಗಲು ಹಿಮದಲ್ಲಿ ನಡೆದರೆ ರಾತ್ರಿ ಕಣ್ಣಿಗೆ ಮರಳು ಸುರಿದ ಹಾಗೆ ಉರಿ, ಕಣ್ಣು ಬಿಡಲಾಗದು. ಗುಂಪಿಗೆ ಒಂದು ಜೊತೆ ಕೂಲಿಂಗ್ ಗ್ಲಾಸ್ ಹೆಚ್ಚಿಗೆ ಇರಲಿ.

ಚಳಿಯಲ್ಲಿ ಕೈಕೊಡುವ ಸಾಮಾನುಗಳು ಕೆಲವು ಇವೆ. ಫೋನ್, ಪವರ್ ಬ್ಯಾಂಕ್, ಕ್ಯಾಮೆರಾ ಬ್ಯಾಟರಿಗಳು ತಣ್ಣಗಾದರೆ ಬೇಗ ಸತ್ತುಹೋಗುತ್ತವೆ. ರಾತ್ರಿ ಅವನ್ನು ಸ್ಲೀಪಿಂಗ್ ಬ್ಯಾಗಿನ ಒಳಗೆ ಇಟ್ಟುಕೊಳ್ಳಿ. ನೀರು ಸೋಸುವ ಸಣ್ಣ ಫಿಲ್ಟರ್ ಇದ್ದರೆ ಅದನ್ನೂ. ಒಂದು ಸಲ ಬಳಸಿದ ಫಿಲ್ಟರಿನೊಳಗೆ ನೀರು ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಸೀಳುತ್ತವೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ನೀರೂ ಬರುತ್ತೆ, ಆದರೆ ಕ್ರಿಮಿ ನಿಲ್ಲುವುದಿಲ್ಲ. ಒಲೆಗೆ ಗ್ಯಾಸ್ ಡಬ್ಬಿ ಕೊಳ್ಳುವಾಗ ಬರೀ ಬ್ಯೂಟೇನ್ ಇರುವುದು ಬೇಡ. ಸೊನ್ನೆ ಡಿಗ್ರಿಯ ಹತ್ತಿರ ಅದು ಆವಿಯಾಗುವುದೇ ಇಲ್ಲ. ಪ್ರೊಪೇನ್, ಐಸೊಬ್ಯೂಟೇನ್ ಬೆರೆತದ್ದು ನೋಡಿ. ವಿಮಾನದಲ್ಲಿ ಯಾವ ಗ್ಯಾಸ್ ಡಬ್ಬಿಯನ್ನೂ ಒಯ್ಯಲು ಬಿಡುವುದಿಲ್ಲ, ಇಳಿದ ಮೇಲೆ ಕೊಳ್ಳುವ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ.

ದಾರಿಯ ಲೆಕ್ಕ

ನಕ್ಷೆಯಲ್ಲಿ 80 ಕಿಲೋಮೀಟರ್ ಅಂತ ಕಂಡರೆ ಎರಡು ಗಂಟೆ ಅಂದುಕೊಳ್ಳಬೇಡಿ. ಇಡೀ ದಿನ ಅಂದುಕೊಳ್ಳಿ. ಫೋನಿನ ಮ್ಯಾಪ್ ಹೇಳುವ ಹೊತ್ತನ್ನು ಇಂಥ ರಸ್ತೆಯಲ್ಲಿ ನಂಬಲು ಆಗುವುದಿಲ್ಲ. ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ, ಜೊತೆಗೆ ಕಾಗದದ ನಕ್ಷೆಯೂ ಇರಲಿ. ದಾರಿ ತೆರೆದಿದೆಯಾ ಅಂತ ಎದುರಿಂದ ಬರುವ ಚಾಲಕರನ್ನು ಕೇಳಿ. ನಿನ್ನೆ ಆ ದಾರಿಯಲ್ಲಿ ಬಂದವರು ಹೇಳುವ ಮಾತು ಎಲ್ಲಕ್ಕಿಂತ ತಾಜಾ.

ನಡೆಯುವವರಿಗೆ ಒಂದು ಹಳೆಯ ಸೂತ್ರ ಇದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು. 5 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ತಗ್ಗಿನ ಬೆಟ್ಟಗಳಿಗೆ ಸರಿ. 4000 ಮೀಟರ್‌ನಲ್ಲಿ ಚೀಲ ಹೊತ್ತು ನಡೆಯುವಾಗ ಆ ಉತ್ತರವನ್ನು ಹೆಚ್ಚೂಕಮ್ಮಿ ಎರಡರಷ್ಟು ಮಾಡಿಕೊಂಡೇ ನಾನು ಹೊರಡುವುದು.

ಪಾಸ್ ದಾಟುವುದು ಬೆಳಿಗ್ಗೆಯೇ ಆಗಬೇಕು. ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುತ್ತೆ, ಗಾಳಿ ಏಳುತ್ತೆ, ಗುಡುಗು ಸಿಡಿಲು ಬರುವುದೂ ಆಗಲೇ. ಸ್ವಂತ ಗಾಡಿ ಇದ್ದರೆ ಎರಡು ಸ್ಟೆಪ್ನಿ, ಗಾಳಿ ಪಂಪ್, ಹೆಚ್ಚಿನ ಇಂಧನ. ತೆಳು ಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಮೀಟರ್‌ಗೆ ಸುಮಾರು 10 ಶೇಕಡಾ ಶಕ್ತಿ ಕಳೆದುಕೊಳ್ಳುತ್ತೆ, ಏರಿನಲ್ಲಿ ಎಳೆಯಲಿಲ್ಲ ಅಂತ ಗಾಬರಿ ಬೇಡ. ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ, ಬಾಡಿಗೆ ಚಾಲಕರಿಗೂ ಓಡಿಸಲು ಹೇಳಬೇಡಿ.

ಮೊದಲ ರಾತ್ರಿಗಳು

ಏರಿದ ದಿನ ಸ್ವಲ್ಪ ತಲೆನೋವು, ಊಟ ಸೇರದಿರುವುದು, ಸುಸ್ತು ಎಲ್ಲರಿಗೂ ಬರಬಹುದು. ಮದ್ಯ ಬೇಡ, ನಿದ್ದೆ ಮಾತ್ರೆಯೂ ಬೇಡ. ನೀರು ಬೇಕಾದಷ್ಟು ಕುಡಿಯಿರಿ, ಬಲವಂತವಾಗಿ ಲೀಟರ್‌ಗಟ್ಟಲೆ ಬೇಡ.

ರಾತ್ರಿ ಒಂದು ವಿಚಿತ್ರ ನಡೆಯುತ್ತೆ. ಪಕ್ಕದಲ್ಲಿ ಮಲಗಿದವರ ಉಸಿರು ಜೋರಾಗುತ್ತಾ ಹೋಗುತ್ತೆ, ಆಮೇಲೆ ಮೆಲ್ಲಗಾಗುತ್ತೆ, ಆಮೇಲೆ ನಿಂತೇಬಿಡುತ್ತೆ. ಐದು ಸೆಕೆಂಡ್, ಹತ್ತು ಸೆಕೆಂಡ್. ಆಮೇಲೆ ಒಮ್ಮೆಲೇ ದೊಡ್ಡ ಉಸಿರು ಎಳೆದುಕೊಂಡು ಮತ್ತೆ ಶುರು. ಮೊದಲ ಸಲ ಇದನ್ನು ಕೇಳಿಸಿಕೊಂಡಾಗ ನಾನು ಟಾರ್ಚ್ ಹಿಡಿದು ಬೆಳಗಾಗುವ ತನಕ ಗೆಳೆಯನ ಎದೆಯನ್ನೇ ನೋಡುತ್ತಾ ಕೂತಿದ್ದೆ. ಅವನು ಬೆಳಿಗ್ಗೆ ಎದ್ದು ಚೆನ್ನಾಗಿ ನಿದ್ದೆ ಬಂತು ಅಂದ. ಎತ್ತರದಲ್ಲಿ ನಿದ್ದೆಯ ಉಸಿರು ಹೀಗೆ ಅಲೆ ಅಲೆಯಾಗಿ ಬರುವುದು ಸಾಮಾನ್ಯ. ಅದೊಂದೇ ಇದ್ದರೆ ಅಪಾಯ ಅಲ್ಲ.

ಅಪಾಯದ ಗುರುತುಗಳು ಬೇರೆ. ತಲೆನೋವಿನ ಜೊತೆ ವಾಂತಿ, ಗೊಂದಲದ ಮಾತು, ನಡಿಗೆಯಲ್ಲಿ ತೂರಾಟ ಕಂಡರೆ ಮಿದುಳು ಊದಿಕೊಳ್ಳುತ್ತಿರಬಹುದು. ಪರೀಕ್ಷೆ ಸುಲಭ. ನೆಲದ ಮೇಲೆ ಒಂದು ನೇರ ಗೆರೆ ಎಳೆಯಿರಿ. ಹಿಂದಿನ ಕಾಲಿನ ಬೆರಳಿಗೆ ಮುಂದಿನ ಕಾಲಿನ ಹಿಮ್ಮಡಿ ತಾಗಿಸಿ, ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಯಲು ಹೇಳಿ. ನೀವೂ ನಡೆದು ತೋರಿಸಿ. ಅವರು ಗೆರೆ ಬಿಟ್ಟು ಪಕ್ಕಕ್ಕೆ ವಾಲಿದರೆ ಇನ್ನು ಚರ್ಚೆ ಇಲ್ಲ. ಎರಡನೆಯದು ಶ್ವಾಸಕೋಶದ್ದು. ಸುಮ್ನೆ ಕೂತಿದ್ದರೂ ಏದುಸಿರು, ಬಿಡದ ಕೆಮ್ಮು, ಉಗುಳಿನಲ್ಲಿ ಗುಲಾಬಿ ಬಣ್ಣದ ನೊರೆ.

ಎರಡಕ್ಕೂ ಮಾಡಬೇಕಾದ ಮೊದಲ ಕೆಲಸ ಇಳಿಸುವುದು. ಬೆಳಗಾಗಲಿ ಅಂತ ಕಾಯಬಾರದು. ಕನಿಷ್ಠ 300 ಮೀಟರ್, ಸಾಧ್ಯವಾದರೆ 1000 ಮೀಟರ್ ಕೆಳಗೆ ಕರೆದೊಯ್ಯಿರಿ. ಒಬ್ಬರೇ ಇಳಿಯಲಿ ಅಂತ ಕಳಿಸಬೇಡಿ. ಆಮ್ಲಜನಕ ಇದ್ದರೆ ಕೊಡಿ. ತೊಂದರೆಯಲ್ಲಿರುವವರು ನನಗೇನೂ ಆಗಿಲ್ಲ ಅಂತಲೇ ಹೇಳುತ್ತಾರೆ, ಆ ಮಾತನ್ನು ಕೇಳಬೇಡಿ. ಬರೀ ತಲೆನೋವು, ಓಕರಿಕೆ ಮಾತ್ರ ಇದ್ದರೆ ಅಲ್ಲೇ ನಿಲ್ಲಿ. ಅದು ಹೋಗುವ ತನಕ ಒಂದು ಮೀಟರ್ ಕೂಡ ಮೇಲೆ ಮಲಗಬೇಡಿ. ನೀವು ಖಾಲಿ ಬಿಟ್ಟ ದಿನಗಳು ಮೊದಲು ಖರ್ಚಾಗುವುದು ಇಲ್ಲಿ.

ನೀರು, ಒಲೆ, ಹೊಗೆ

ಎತ್ತರದಲ್ಲಿ ನೀರು ಬೇಗ ಕುದಿಯುತ್ತೆ, ಆದರೆ ಅಷ್ಟು ಬಿಸಿ ಇರುವುದಿಲ್ಲ. 4000 ಮೀಟರ್‌ನಲ್ಲಿ ಸುಮಾರು 87 ಡಿಗ್ರಿಗೇ ಕುದಿ. ಕುಡಿಯುವ ನೀರನ್ನು ಮೂರು ನಿಮಿಷ ಕುದಿಸಿದರೆ ಸಾಕು. ಕಾಳು ಬೇಯಿಸಲು ಹೋದರೆ ಮಾತ್ರ ಗ್ಯಾಸ್ ಖಾಲಿಯಾಗುತ್ತೆ, ಕಾಳು ಹಾಗೇ ಇರುತ್ತೆ. ಪ್ರೆಶರ್ ಕುಕ್ಕರ್ ಇಲ್ಲದಿದ್ದರೆ ಬಿಸಿನೀರಲ್ಲಿ ನೆನೆಯುವಂಥದ್ದನ್ನೇ ಒಯ್ಯಿರಿ. ಕ್ಲೋರಿನ್ ಮಾತ್ರೆ ಹಾಕುವವರು ನೀರು ತಣ್ಣಗಿದ್ದಷ್ಟೂ ಜಾಸ್ತಿ ಹೊತ್ತು ಬಿಡಬೇಕು.

ಟೆಂಟಿನ ಒಳಗೆ ಒಲೆ ಹಚ್ಚಬೇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಅದರ ಮೊದಲ ಗುರುತೂ ತಲೆನೋವು, ಓಕರಿಕೆಯೇ. ಎತ್ತರದ ಕಾಯಿಲೆ ಅಂದುಕೊಂಡು ಒಳಗೇ ಮಲಗಿದವರು ಏಳುವುದಿಲ್ಲ. ಒಂದೇ ಕೋಣೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆ ನೋಯತೊಡಗಿದರೆ ಮೊದಲು ಬಾಗಿಲು ತೆಗೆದು ಹೊರಗೆ ಬನ್ನಿ.

ಹೊಳೆ ದಾಟುವುದು

ಸೇತುವೆ ಇಲ್ಲದ ಹೊಳೆಗಳು ಇಂಥ ಪ್ರಯಾಣದಲ್ಲಿ ಬಂದೇ ಬರುತ್ತವೆ. ಹಿಮ ಕರಗಿ ಹರಿಯುವ ಹೊಳೆಗೆ ದಿನದ ಏರಿಳಿತ ಇದೆ. ಮುಂಜಾನೆ ಅತಿ ಕಮ್ಮಿ. ಬಿಸಿಲು ಏರಿದ ಹಾಗೆ ಮೇಲೆ ಹಿಮ ಕರಗುತ್ತೆ, ಆ ನೀರು ಕೆಳಗೆ ಬರುವ ಹೊತ್ತಿಗೆ ಮಧ್ಯಾಹ್ನ, ಸಂಜೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ತೊರೆ ಸಂಜೆ ಸೊಂಟಕ್ಕೆ ಬರಬಹುದು.

ದಡಕ್ಕೆ ಬಂದ ಕೂಡಲೇ ಒಂದು ಬಿಳಿ ಕಲ್ಲು ಆರಿಸಿ, ನೀರಿನ ಅಂಚಿಗೆ ಸರಿಯಾಗಿ ಇಡಿ. ಅರ್ಧ ಗಂಟೆ ಕೂತು ನೋಡಿ. ಕಲ್ಲು ಒದ್ದೆಯಾಯಿತೇ, ಮುಳುಗಿತೇ, ಒಣ ನೆಲ ಕಾಣಿಸಿತೇ? ಹೊಳೆ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ಇದಕ್ಕಿಂತ ಚೆನ್ನಾಗಿ ಯಾರೂ ಹೇಳುವುದಿಲ್ಲ. ಹಾಗೇ ಕಿವಿಗೊಡಿ. ನೀರಿನ ಭೋರ್ಗರೆತದ ಅಡಿಯಲ್ಲಿ ದಡ್ ದಡ್ ಅಂತ ಮಂದವಾದ ಸದ್ದು ಕೇಳಿಸಿದರೆ ತಳದಲ್ಲಿ ಬಂಡೆಗಳು ಉರುಳುತ್ತಿವೆ ಅಂತ ಅರ್ಥ. ಆ ಸದ್ದು ಇರುವಾಗ ಕಾಲಿಡಬಾರದು. ಟೆಂಟ್ ಹಾಕಿ, ಮಲಗಿ, ಬೆಳಿಗ್ಗೆ ದಾಟಿ.

ದಾಟುವುದು ಅಂತ ಆದರೆ ಹೊಳೆ ಅಗಲವಾಗಿ ಹರಿದು ಕವಲೊಡೆದ ಜಾಗ ಹುಡುಕಿ. ಕಿರಿದಾದ ಜಾಗ ಕಣ್ಣಿಗೆ ಹತ್ತಿರ ಕಂಡರೂ ಆಳ ಅಲ್ಲೇ. ಶೂ ಬಿಚ್ಚಬೇಡಿ. ಬ್ಯಾಗಿನ ಸೊಂಟದ ಪಟ್ಟಿ, ಎದೆಯ ಪಟ್ಟಿ ಬಿಚ್ಚಿ, ಬಿದ್ದರೆ ಬ್ಯಾಗ್ ಕಳಚಿ ಎಸೆಯುವ ಹಾಗಿರಲಿ. ಕೋಲು ಹಿಡಿದು, ಮುಖ ನೀರು ಬರುವ ದಿಕ್ಕಿಗೆ ಮಾಡಿ, ಒಂದು ಕಾಲು ಊರಿದ ಮೇಲೆ ಇನ್ನೊಂದು. ಮಂಡಿಗಿಂತ ಮೇಲೆ ಬಂದು ಸೆಳೆತ ಜೋರಿದ್ದರೆ ವಾಪಸ್.

ಕುರಿಮಂದೆಯ ನಾಯಿ

ತೋಳದ ಎದುರು ನಿಲ್ಲಲು ಸಾಕಿದ ನಾಯಿಗಳು ಇವು. ನಿಮ್ಮನ್ನು ಕಂಡರೆ ಓಡಿ ಬರುತ್ತವೆ, ಅದು ಅವುಗಳ ಕೆಲಸ. ಮಂದೆಯ ನಡುವೆ ಹಾದು ಹೋಗಬೇಡಿ. ದೊಡ್ಡ ಸುತ್ತು ಹಾಕಿ, ದೂರದಿಂದಲೇ ಕುರಿಗಾಹಿಯನ್ನು ಕೂಗಿ. ನಾಯಿ ಬಂದರೆ ಓಡಬೇಡಿ. ನಿಲ್ಲಿ, ಕೋಲನ್ನು ನಿಮಗೂ ಅದಕ್ಕೂ ನಡುವೆ ಇಟ್ಟುಕೊಂಡು ನಿಧಾನ ಹಿಂದೆ ಸರಿಯಿರಿ. ಬಗ್ಗಿ ಕಲ್ಲು ಎತ್ತಿಕೊಳ್ಳುವ ಹಾಗೆ ಮಾಡಿದರೆ ಎಷ್ಟೋ ನಾಯಿಗಳು ಹಿಂಜರಿಯುತ್ತವೆ.

ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು 15 ನಿಮಿಷ. ಆಮೇಲೆ ಪ್ರಯಾಣ ಅಲ್ಲಿಗೇ ಬಿಟ್ಟು ಲಸಿಕೆ ಸಿಗುವ ಊರಿಗೆ ಇಳಿಯಬೇಕು. ಮುಂಚೆಯೇ ಲಸಿಕೆ ಹಾಕಿಸಿಕೊಂಡವರೂ ಇಳಿಯಬೇಕು, ಆದರೆ ಅವರಿಗೆ ಬೇಕಾಗುವ ಚುಚ್ಚುಮದ್ದು ಕಮ್ಮಿ. ದೂರದ ಊರಲ್ಲಿ ಸಿಗುವುದು ಕಷ್ಟವಾದ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಅವರಿಗೆ ಬೇಕಾಗುವುದಿಲ್ಲ.

ಅಲ್ಲಿನವರ ಮನೆಯಲ್ಲಿ

ಹೋಟೆಲ್ ಇಲ್ಲದ ಕಡೆ ಯಾರದೋ ಮನೆಯಲ್ಲೇ ಮಲಗಬೇಕಾಗುತ್ತೆ. ಜನ ಪ್ರೀತಿಯಿಂದ ಕರೆಯುತ್ತಾರೆ, ಒಲೆಯ ಹತ್ತಿರದ ಜಾಗವನ್ನೇ ಬಿಟ್ಟುಕೊಡುತ್ತಾರೆ. ಆ ಒಲೆಗೆ ಹಾಕಿದ್ದು ಏನು ಅಂತ ಒಮ್ಮೆ ನೋಡಿ. ಮರ ಬೆಳೆಯದ ಎತ್ತರದಲ್ಲಿ ಉರುವಲು ಅಂದರೆ ಒಣಗಿಸಿದ ಸಗಣಿ, ಇಲ್ಲವೇ ಪೊದೆ. ಪೂರ್ವ ಪಾಮೀರ್‌ನಲ್ಲಿ ಟೆರೆಸ್ಕೆನ್ ಅನ್ನುವ ಗಿಡವನ್ನು ಬೇರು ಸಹಿತ ಕಿತ್ತು ಉರಿಸುತ್ತಾರೆ. ಆ ಗಿಡ ಬೆಳೆಯುವುದು ತುಂಬಾ ನಿಧಾನ, ಕಿತ್ತ ಕಡೆ ನೆಲ ಬೋಳಾಗಿಬಿಡುತ್ತೆ. ನಿಮ್ಮ ಸ್ನಾನಕ್ಕೆ ಕಾಯಿಸಿದ ಒಂದು ಬಕೆಟ್ ನೀರಿಗೆ ಅವರ ಚಳಿಗಾಲದ ಉರುವಲು ಹೋಗುತ್ತೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡರೆ ಸಾಕು, ಅಲ್ವಾ?

ಹಣ ಬೇಡ ಅಂದರೂ ಕೊಟ್ಟು ಬನ್ನಿ. ಎಷ್ಟು ಅಂತ ಗೊತ್ತಾಗದಿದ್ದರೆ ಚಾಲಕರನ್ನೋ ಊರಿನ ಮೇಷ್ಟರನ್ನೋ ಮೊದಲೇ ಕೇಳಿಕೊಳ್ಳಿ. ಫೋಟೋ ತೆಗೆಯುವ ಮುಂಚೆ ಕೇಳಿ. ಚೆಕ್‌ಪೋಸ್ಟ್, ಸೇತುವೆ, ಸೈನಿಕರ ಫೋಟೋ ಬೇಡವೇ ಬೇಡ. ಗಡಿಯ ಬೇಲಿಯ ಹತ್ತಿರ ದಾರಿ ಬಿಟ್ಟು ಅಡ್ಡಾಡಬೇಡಿ. ತಜಿಕಿಸ್ತಾನ ಮತ್ತು ಅಫ್ಘಾನಿಸ್ತಾನದ ನಡುವಿನ ಗಡಿಯ ಕೆಲವು ಕಡೆ ನೆಲಬಾಂಬ್ ಇವೆ.

ಚಳಿ ಮತ್ತು ಒಣ ಹವೆಯಲ್ಲಿ ಏನೂ ಬೇಗ ಕೊಳೆಯುವುದಿಲ್ಲ. ಮಲವಿಸರ್ಜನೆಗೆ ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ, ಗೇಣುದ್ದ ಗುಂಡಿ ತೋಡಿ ಮುಚ್ಚಿ. ಕಾಗದ, ಪ್ಯಾಡ್, ಪ್ಲಾಸ್ಟಿಕ್ ಎಲ್ಲಾ ಚೀಲದಲ್ಲಿ ವಾಪಸ್.

ಸುದ್ದಿ ಮುಟ್ಟಿಸುವುದು

ಹೊರಡುವ ಮುಂಚೆ ನಂಬಿಕೆಯ ಒಬ್ಬರ ಕೈಯಲ್ಲಿ ನಿಮ್ಮ ಮಲಗುವ ಎತ್ತರದ ಹಾಳೆಯ ಒಂದು ಪ್ರತಿ ಕೊಡಿ. ಯಾವ ದಿನದ ತನಕ ಸುದ್ದಿ ಬರದಿದ್ದರೆ ಗಾಬರಿ ಬೇಡ, ಯಾವ ದಿನ ದಾಟಿದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಅದರ ಕೆಳಗೇ ಬರೆಯಿರಿ. ಆ ದಿನವನ್ನು ಲೆಕ್ಕ ಹಾಕುವಾಗ ಖಾಲಿ ಬಿಟ್ಟ ದಿನಗಳನ್ನೂ ಸೇರಿಸಿ. ಇಲ್ಲದಿದ್ದರೆ ನೀವು ಹೊಳೆಯ ದಡದಲ್ಲಿ ಆರಾಮಾಗಿ ಕೂತಿರುವಾಗ ಮನೆಯವರು ನಿದ್ದೆಗೆಟ್ಟಿರುತ್ತಾರೆ.

ಸ್ಯಾಟಲೈಟ್ ಸಾಧನ ಒಯ್ಯುವುದಾದರೆ ಆ ದೇಶದ ಕಾನೂನು ಮೊದಲು ನೋಡಿ. ಭಾರತದಲ್ಲಿ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಂಡರೆ ಅಪರಾಧ, ಹೊರದೇಶದ ಪ್ರವಾಸಿಗರೂ ಇದಕ್ಕೆ ಸಿಕ್ಕಿಬಿದ್ದಿದ್ದಾರೆ. ಸಾಧನ ಇಲ್ಲದಿದ್ದರೆ ಸೀಟಿ ಮತ್ತು ಟಾರ್ಚ್ ಇರಲಿ. ಬೆಟ್ಟದಲ್ಲಿ ನೆರವು ಕೇಳುವ ಕ್ರಮ ಹೀಗೆ: ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ ಅಥವಾ ಬೆಳಕು ಮಿನುಗಿಸಿ, ಒಂದು ನಿಮಿಷ ಸುಮ್ಮನಿರಿ, ಮತ್ತೆ ಆರು ಸಲ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಉತ್ತರ ಕೊಡುತ್ತಾರೆ. ಉತ್ತರ ಬಂದ ಮೇಲೂ ನಿಲ್ಲಿಸಬೇಡಿ, ಅವರು ಸದ್ದು ಹಿಡಿದೇ ಬರಬೇಕು.

ಇಳಿದು ಬಂದು ಮೊದಲ ಸಿಗ್ನಲ್ ಸಿಕ್ಕ ಕೂಡಲೇ ಆ ಹಾಳೆ ಹಿಡಿದವರಿಗೆ ಫೋನ್ ಮಾಡಿ. ಆಮೇಲೆ ಫೋಟೋಗಳನ್ನು ಪ್ರಿಂಟ್ ಹಾಕಿಸಿ. ಮಲಗಲು ಜಾಗ ಕೊಟ್ಟ ಮನೆಯವರ ಫೋಟೋ ಇದ್ದರೆ ಎರಡೆರಡು ಪ್ರತಿ ಇರಲಿ. ಅಲ್ಲಿಗೆ ಅಂಚೆ ಹೋಗುವುದು ಕಷ್ಟ. ನಿಮ್ಮನ್ನು ಕರೆದೊಯ್ದ ಚಾಲಕರ ವಿಳಾಸಕ್ಕೆ ಕಳಿಸಿ, ಅವರು ಮುಂದಿನ ಸಲ ಮೇಲೆ ಹೋಗುವಾಗ ಕೊಟ್ಟು ಬರುತ್ತಾರೆ. ಅವರ ವಿಳಾಸವನ್ನು ಬೀಳ್ಕೊಡುವ ದಿನವೇ ಅವರ ಕೈಯಲ್ಲೇ, ಅವರ ಲಿಪಿಯಲ್ಲೇ ಬರೆಸಿಕೊಳ್ಳಿ.